ರೇಡಿಯೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ವಿಠ್ಠಲ ವಿಹಾರದಿಂದ ಇಯರ್‌ಫೋನ್‌ವರೆಗೆ

ಹಳೆಯ ರೇಡಿಯೋ ಸೆಟ್ಟುಗಳನ್ನು ಬಿಚ್ಚಿ ರಿಪೇರಿ ಮಾಡುವುದು ನನ್ನ ಹವ್ಯಾಸ. ಮನೆಗೆ ಬಂದವರು ಕಪಾಟಿನ ಮೇಲಿನ ಮರದ ಪೆಟ್ಟಿಗೆ ನೋಡಿದ ಕೂಡಲೇ ಏನಾದರೂ ಕೇಳುತ್ತಾರೆ. ಹೆಚ್ಚಾಗಿ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೇಡಿಯೋ ಇತಿಹಾಸ ಅಂದರೆ ಎಲ್ಲರೂ ಸ್ಟೇಷನ್‌ಗಳ ಕಥೆ ಹೇಳುತ್ತಾರೆ. ನನ್ನ ಕಣ್ಣು ಮಾತ್ರ ಸೆಟ್ಟಿನ ಮೇಲೇ ಇರುತ್ತದೆ. ಸೆಟ್ಟು ಯಾರ ಕೈಯಲ್ಲಿತ್ತು, ಎಷ್ಟು ದುಡ್ಡಿಗೆ ಸಿಕ್ಕಿತು ಅನ್ನುವುದರ ಮೇಲೇ ಉಳಿದದ್ದೆಲ್ಲ ನಿಂತಿದೆ ಅನ್ನಿಸುತ್ತದೆ.

ರೇಡಿಯೋ ಕಂಡುಹಿಡಿದವರು ಮಾರ್ಕೋನಿ ತಾನೆ? ಮತ್ತೆ ಜಗದೀಶ ಚಂದ್ರ ಬೋಸ್ ಅಂತಾರಲ್ಲ?

ಒಬ್ಬರ ಹೆಸರು ಹೇಳಿ ಮುಗಿಸಲು ಆಗುವುದಿಲ್ಲ. ತಂತಿಯಿಲ್ಲದೆ ಹೋಗುವ ರೇಡಿಯೋ ಅಲೆಗಳು ಇರಲೇಬೇಕು ಎಂದು ಲೆಕ್ಕ ಹಾಕಿ ತೋರಿಸಿದವರು ವಿಜ್ಞಾನಿ ಮ್ಯಾಕ್ಸ್‌ವೆಲ್. 1880ರ ದಶಕದ ಕೊನೆಗೆ ಜರ್ಮನಿಯ ಹರ್ಟ್ಜ್ ಅವನ್ನು ಪ್ರಯೋಗದಲ್ಲಿ ಹಿಡಿದರು. 1895ರಲ್ಲಿ ಕಲ್ಕತ್ತದ ಟೌನ್ ಹಾಲ್‌ನಲ್ಲಿ ಬೋಸ್ ಅವರು ತಂತಿಯಿಲ್ಲದೆ ದೂರದ ಗಂಟೆ ಬಾರಿಸಿದರು, ಮದ್ದಿನ ಪುಡಿ ಸಿಡಿಸಿದರು. ಅವರು ಬಳಸಿದ್ದು ಕೆಲವೇ ಮಿಲಿಮೀಟರ್ ಉದ್ದದ ಅಲೆ. ಇವತ್ತು 5ಜಿಗೆ ಅಂತ ಮಾತಾಡುವ ಅಲೆಗಳು ಅದೇ ಅಳತೆಯವು.

ಬೋಸರಿಗೆ ಅದರಿಂದ ವ್ಯಾಪಾರ ಮಾಡುವ ಮನಸ್ಸಿರಲಿಲ್ಲ. ಮಾರ್ಕೋನಿಗೆ ಇತ್ತು. 1901ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಮೋರ್ಸ್ ಸಂಕೇತದ ಒಂದು ಅಕ್ಷರ ತಮಗೆ ಕೇಳಿಸಿತು ಎಂದು ಅವರು ಸಾರಿದರು. ಅಂದು ಅಲೆ ಹಿಡಿಯಲು ಅವರು ಬಳಸಿದ ಪಾದರಸದ ಸಾಧನದ ಮೂಲ ಬೋಸರದೇ ಅನ್ನುವ ವಾದವೂ ಇದೆ.

ಆದರೆ ಇದೆಲ್ಲ ಬರೀ ಟಿಕ್ ಟಿಕ್. ಮನುಷ್ಯನ ದನಿ ಕಳಿಸಲು ನಿಲ್ಲದೆ ಹರಿಯುವ ಅಲೆ ಬೇಕಿತ್ತು, ದನಿಯನ್ನು ದೊಡ್ಡದು ಮಾಡುವ ವಾಲ್ವ್ ಬೇಕಿತ್ತು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಮೂರು ಕಡ್ಡಿಯ ವಾಲ್ವ್ ಆ ದಾರಿ ತೆರೆಯಿತು.

ಹಾಗಾದರೆ ಎಲ್ಲರೂ ಕೇಳುವಂಥ ಪ್ರಸಾರ ಶುರುವಾಗಿದ್ದು ಎಲ್ಲಿ?

ಮೊದಮೊದಲು ರೇಡಿಯೋ ಅಂದರೆ ಹಡಗಿನವರು ಬಂದರಿನವರ ಜೊತೆ ಮಾತಾಡುವ ಸಾಧನ. ಇಬ್ಬರ ಮಾತು ಮೂರನೆಯವನಿಗೂ ಕೇಳಿಸುತ್ತಿತ್ತು. ಅದನ್ನು ದೊಡ್ಡ ದೋಷ ಅಂತಲೇ ಎಲ್ಲರೂ ಭಾವಿಸಿದ್ದರು! ಆ ದೋಷವನ್ನೇ ಗುಣ ಮಾಡಿಕೊಂಡಾಗ ಪ್ರಸಾರ ಹುಟ್ಟಿತು. 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ಸ್ಟೇಷನ್ ಚುನಾವಣೆಯ ಫಲಿತಾಂಶ ಓದಿತು. ಅದನ್ನು ನಡೆಸಿದ್ದು ವೆಸ್ಟಿಂಗ್‌ಹೌಸ್, ರೇಡಿಯೋ ಸೆಟ್ಟು ಮಾಡುವ ಕಂಪನಿ. 1922ರಲ್ಲಿ ಲಂಡನ್‌ನ ಬಿಬಿಸಿ ಕಟ್ಟಿದವರೂ ಸೆಟ್ಟು ತಯಾರಕರೇ. ಕೇಳಲು ಏನಾದರೂ ಇದ್ದರೆ ತಾನೆ ಜನ ಸೆಟ್ಟು ಕೊಳ್ಳುವುದು?

ಒಂದು ಪದದ ವಿಷಯ ಹೇಳಿಬಿಡುತ್ತೇನೆ. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಅನ್ನುವುದು ಮೂಲದಲ್ಲಿ ಹೊಲದ ಮಾತು. ಕೈ ಬೀಸಿ ಬೀಜ ಎರಚುವುದು, ನಮ್ಮ ಚೆಲ್ಲು ಬಿತ್ತನೆ. ಕನ್ನಡದ 'ಬಿತ್ತರ' ಬಂದಿದ್ದು 'ವಿಸ್ತಾರ'ದಿಂದ, ಬಿತ್ತನೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಬಿತ್ತರ ಅಂದಾಗ ನನಗೆ ಸೆರಗಿನಲ್ಲಿ ರಾಗಿ ತುಂಬಿಕೊಂಡು ಹೊಲದಲ್ಲಿ ನಡೆಯುವ ಅಜ್ಜಿಯೇ ನೆನಪಾಗುತ್ತಾಳೆ.

ನಮ್ಮ ದೇಶಕ್ಕೆ ಯಾವಾಗ ಬಂತು?

ಹವ್ಯಾಸಿಗಳಿಂದ ಬಂತು. 1924ರಲ್ಲಿ ಮದ್ರಾಸಿನ ರೇಡಿಯೋ ಕ್ಲಬ್ಬು ಪ್ರಸಾರ ಶುರು ಮಾಡಿತು. 1927ರ ಜುಲೈ 23ರಂದು ಬೊಂಬಾಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಸ್ಟೇಷನ್ ತೆರೆಯಿತು, ಮುಂದಿನ ತಿಂಗಳು ಕಲ್ಕತ್ತದಲ್ಲಿ. ಮೂರು ವರ್ಷ ತುಂಬುವುದರೊಳಗೆ ಕಂಪನಿ ಮುಳುಗಿತು. ಅಲೆ ಹೊರಡಿಸುವ ಟ್ರಾನ್ಸ್‌ಮಿಟರ್ ಬರೀ ಒಂದೂವರೆ ಕಿಲೋವಾಟಿನದು, ಊರು ದಾಟಿದರೆ ದನಿ ಇಲ್ಲ. ಸೆಟ್ಟಿನ ಬೆಲೆ ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ವರಮಾನ ಬರಬೇಕಿದ್ದುದು ಸೆಟ್ಟು ಇಟ್ಟುಕೊಂಡವರು ಕಟ್ಟುವ ಲೈಸೆನ್ಸ್ ಹಣದಿಂದ, ಲೈಸೆನ್ಸ್ ಪಡೆದವರು ಕೆಲವೇ ಸಾವಿರ. ಬಿತ್ತುವವರು ಇದ್ದರು, ಹೊಲವೇ ಇರಲಿಲ್ಲ. 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. 1936ರ ಜೂನ್ 8ರಿಂದ ಅದರ ಹೆಸರು ಆಲ್ ಇಂಡಿಯಾ ರೇಡಿಯೋ.

'ಆಕಾಶವಾಣಿ' ಹೆಸರು ಮೈಸೂರಿನದು ಅನ್ನುವುದು ನಿಜವಾ?

ನಿಜ. ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರಿದ್ದರು. ಲಂಡನ್‌ನಲ್ಲಿ ಓದಿ ಬಂದವರು. ಕಲಿಸುತ್ತಿದ್ದುದು ಎಂಜಿನಿಯರಿಂಗ್ ಅಂದುಕೊಂಡಿರಾ? ಮನಃಶಾಸ್ತ್ರ! 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಅವರು ರೇಡಿಯೋ ಸ್ಟೇಷನ್ ಶುರು ಮಾಡಿಬಿಟ್ಟರು. ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ಹಿಂದೆ ನಮ್ಮ ಹಜಾರದಲ್ಲಿ ಉರಿಯುತ್ತಿದ್ದ ಹಳದಿ ಬಲ್ಬು 60 ವಾಟಿನದು, ಅದರ ಅರ್ಧ. ಮುಂದೆ ಬೆಂಗಳೂರಿನ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ 200 ಕಿಲೋವಾಟ್ ಆಯಿತು. ಅಂದರೆ ಗೋಪಾಲಸ್ವಾಮಿಯವರ ಆರು ಸಾವಿರಕ್ಕೂ ಹೆಚ್ಚು ಟ್ರಾನ್ಸ್‌ಮಿಟರುಗಳನ್ನು ಒಟ್ಟಿಗೆ ಕಟ್ಟಿದಷ್ಟು.

ಆ ಸ್ಟೇಷನ್ನಿಗೆ ಇಟ್ಟ ಹೆಸರೇ ಆಕಾಶವಾಣಿ. ಹೆಸರು ಹೊಳೆದದ್ದು ನಾ. ಕಸ್ತೂರಿಯವರಿಗೆ ಎಂದು ಹೇಳುತ್ತಾರೆ. ಕನ್ನಡದಲ್ಲಿ ಹಾಸ್ಯ ಬರೆದ ಅದೇ ಕಸ್ತೂರಿ. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯನ್ನು ಮೈಸೂರಿನ ಒಂದು ಮನೆಯ ಏರಿಯಲ್‌ಗೆ ತಂದು ಕಟ್ಟಿದ್ದು ಹಾಸ್ಯಗಾರನ ತಲೆಗೇ ಹೊಳೆಯುವಂಥ ಕೆಲಸ. ಟ್ಯಾಗೋರ್ ಹೆಸರನ್ನೂ ಜನ ತರುತ್ತಾರೆ. ಅವರು ಕಲ್ಕತ್ತದ ಶಾರ್ಟ್‌ವೇವ್ ಕೇಂದ್ರಕ್ಕಾಗಿ ಪದ್ಯ ಬರೆದು ಆ ಪದ ಬಳಸಿದ್ದು 1930ರ ದಶಕದ ಕೊನೆಗೆ. ಮೈಸೂರಿನದೇ ಮೊದಲು.

ಗೋಪಾಲಸ್ವಾಮಿಯವರು ಇದನ್ನು ಕೈಯಿಂದ ದುಡ್ಡು ಹಾಕಿ, ಊರವರ ನೆರವು ಪಡೆದು ನಡೆಸಿದರು. ಆಮೇಲೆ 250 ವಾಟಿನ ಟ್ರಾನ್ಸ್‌ಮಿಟರ್ ಬಂತು. 1942ರಲ್ಲಿ ಮೈಸೂರು ಸಂಸ್ಥಾನ ಸ್ಟೇಷನ್ ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಸೇರಿತು. ಅದೇ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ಬಂತು. 2023ರಲ್ಲಂತೂ ಆಲ್ ಇಂಡಿಯಾ ರೇಡಿಯೋ ಅನ್ನುವುದನ್ನು ಬಿಟ್ಟು ಎಲ್ಲ ಕಡೆ ಆಕಾಶವಾಣಿ ಎಂದೇ ಹೇಳಬೇಕು ಅಂತ ಆದೇಶವಾಯಿತು.

ಕರ್ನಾಟಕದ ಉಳಿದ ಸ್ಟೇಷನ್‌ಗಳು?

ಧಾರವಾಡ 1950ರಲ್ಲಿ, ಬೆಂಗಳೂರು 1955ರಲ್ಲಿ. ಬೆಂಗಳೂರು ಬಂದಾಗ ಮೈಸೂರಿನದನ್ನು ಮುಚ್ಚಿದರು. ಮೈಸೂರಿನವರಿಗೆ ಆ ಸಿಟ್ಟು ಬಹಳ ದಿನ ಇತ್ತು. 1974ರಲ್ಲಿ ಮತ್ತೆ ತೆರೆದರು. ನಡುವೆ 1965ರಲ್ಲಿ ಭದ್ರಾವತಿ, 1966ರಲ್ಲಿ ಗುಲ್ಬರ್ಗ. ಮಂಗಳೂರು 1976ರಲ್ಲಿ. ಮಡಿಕೇರಿ, ಹಾಸನ, ಕಾರವಾರದಂಥ ಕೇಂದ್ರಗಳು ಆಮೇಲೆ ಎಫ್‌ಎಂ ಜೊತೆಗೆ ಬಂದವು. ನಾನು ಮಲೆನಾಡಿನವನು. ನಮಗೆ ರೇಡಿಯೋ ಅಂದರೆ ಭದ್ರಾವತಿ, 675 ಕಿಲೋಹರ್ಟ್ಸ್. ಧಾರವಾಡದ ಕಡೆಯವರು 765 ಅನ್ನುತ್ತಾರೆ. ಅಂಕಿ ಅದಲು ಬದಲಾದರೆ ಸಾಕು, ಊರೇ ಬದಲು.

ಬೆಳಿಗ್ಗೆ ಪ್ರಸಾರ ಶುರುವಾಗುವಾಗ ಬರುತ್ತಿದ್ದ ಆ ಪಿಟೀಲಿನ ಸಂಗೀತ ಯಾರದು?

ವಾಲ್ಟರ್ ಕೌಫ್‌ಮನ್ ಅವರದು. ಈಗಿನ ಚೆಕ್ ದೇಶದಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ. ನಾಜಿಗಳ ಕಾಲದಲ್ಲಿ ಯೂರೋಪ್ ಬಿಟ್ಟು ಬೊಂಬಾಯಿಗೆ ಬಂದು ರೇಡಿಯೋದಲ್ಲಿ ಕೆಲಸ ಮಾಡಿದರು. ಶಿವರಂಜಿನಿ ರಾಗದ ಛಾಯೆ, ಹಿಂದೆ ತಂಬೂರಿ. ಊರು ಬಿಟ್ಟು ಬಂದವನ ರಾಗಕ್ಕೆ ನಾವೆಲ್ಲ ಹಲ್ಲುಜ್ಜಿದ್ದೇವೆ.

ಎಎಂ, ಎಫ್‌ಎಂ ಅಂದರೆ ಏನು ವ್ಯತ್ಯಾಸ? ಸುಲಭವಾಗಿ ಹೇಳಿ.

ನಾದಸ್ವರದವರು ಒಂದೇ ಸ್ವರ ಹಿಡಿದು ನಿಂತಿದ್ದಾರೆ ಅಂದುಕೊಳ್ಳಿ. ಅದು ಸ್ಟೇಷನ್ನಿನ ಅಲೆ. ಸ್ವರ ಅದೇ ಇಟ್ಟುಕೊಂಡು ಊದುವ ಜೋರನ್ನು ಮಾತ್ರ ಹೆಚ್ಚು ಕಡಿಮೆ ಮಾಡಿದರೆ ಅದು ಎಎಂ; ಮೀಡಿಯಂ ವೇವ್, ಶಾರ್ಟ್‌ವೇವ್ ಎರಡೂ ಈ ಬಗೆಯವು. ಜೋರು ಅಷ್ಟೇ ಇರಲಿ, ಸ್ವರವನ್ನೇ ಗಮಕದ ಹಾಗೆ ಸ್ವಲ್ಪ ಆಚೆ ಈಚೆ ತೂಗಿದರೆ ಅದು ಎಫ್‌ಎಂ. ನಮ್ಮ ಮಾತು, ಹಾಡು ಆ ಏರಿಳಿತದಲ್ಲೋ ಆ ತೂಗಾಟದಲ್ಲೋ ಕೂತು ಬರುತ್ತದೆ.

ಮಿಂಚು, ಸ್ಕೂಟರಿನ ಪ್ಲಗ್ಗಿನ ಕಿಡಿ, ಮಿಕ್ಸಿ, ಇವೆಲ್ಲ ಅಲೆಯ ಜೋರನ್ನೇ ಕೆಡಿಸುತ್ತವೆ. ಎಎಂ ಸೆಟ್ಟಿಗೆ ಜೋರೇ ಹಾಡು. ಅದಕ್ಕೆ ಹಾಡು ಯಾವುದು, ಮಿಂಚು ಯಾವುದು ಗೊತ್ತಾಗುವುದಿಲ್ಲ. ಎಫ್‌ಎಂ ಸೆಟ್ಟು ಜೋರಿನ ಏರಿಳಿತವನ್ನು ಕತ್ತರಿಸಿ ಎಸೆದು ಗಮಕವನ್ನಷ್ಟೇ ಕೇಳುತ್ತದೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆದರೆ ಜನರ ಮನೆಯಲ್ಲಿ ಇದ್ದದ್ದೆಲ್ಲ ಎಎಂ ಸೆಟ್ಟು. ಎಷ್ಟು ಚೆನ್ನಾಗಿ ಕೇಳಿಸಿದರೂ ಎಫ್‌ಎಂ ದಶಕಗಟ್ಟಲೆ ಕಾಯಬೇಕಾಯಿತು. ನಮ್ಮಲ್ಲಿ ಮೊದಲ ಎಫ್‌ಎಂ ಪ್ರಸಾರ 1977ರಲ್ಲಿ, ಮದ್ರಾಸಿನಲ್ಲಿ.

ಎಫ್‌ಎಂಗೂ ಒಂದು ದೋಷ ಇದೆ. ಅದು ಹೆಚ್ಚು ಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. ಗುಡ್ಡ ಅಡ್ಡ ಬಂದರೆ ಮುಗಿಯಿತು. ಘಾಟಿ ಇಳಿಯುವಾಗ ಕಾರಿನ ರೇಡಿಯೋ ತಿರುವಿಗೊಮ್ಮೆ ಸಾಯುವುದು ಅದಕ್ಕೇ.

ಹಗಲು ಸಿಗದ ಸ್ಟೇಷನ್ ರಾತ್ರಿ ಹೇಗೆ ಸಿಗುತ್ತಿತ್ತು?

ನೆಲದಿಂದ ಸುಮಾರು ನೂರು ಕಿಲೋಮೀಟರಿಗೂ ಮೇಲೆ ಗಾಳಿಯ ಕಣಗಳಿಗೆ ವಿದ್ಯುತ್ತಿನ ಗುಣ ಬಂದಿರುವ ಪದರಗಳಿವೆ. ಅವು ರೇಡಿಯೋ ಅಲೆಯನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳಿಸುತ್ತವೆ. ಹಗಲಲ್ಲಿ ಬಿಸಿಲಿನಿಂದ ಅವುಗಳ ಕೆಳಗೆ ಇನ್ನೊಂದು ಪದರ ಹುಟ್ಟಿಕೊಂಡು ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ದೂರದ ಸ್ಟೇಷನ್‌ಗಳು ಒಂದೊಂದಾಗಿ ಎದ್ದು ಬರುತ್ತವೆ. ಶಾರ್ಟ್‌ವೇವ್ ಇದೇ ಮೇಲಿನ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ನೆಗೆಯುತ್ತದೆ. ದನಿ ಅಲೆಅಲೆಯಾಗಿ ಹತ್ತಿರ ಬಂದು ದೂರ ಹೋದಂತೆ ಕೇಳಿಸುತ್ತಿತ್ತಲ್ಲ, ಆ ಪದರ ಅಲುಗಾಡುತ್ತಿದ್ದುದೇ ಕಾರಣ.

ಸಿಲೋನ್ (ಈಗಿನ ಶ್ರೀಲಂಕಾ) ರೇಡಿಯೋ ಮೆರೆದದ್ದು ಹೀಗೆ. 1952ರಲ್ಲಿ ಬಿ. ವಿ. ಕೇಸ್ಕರ್ ಪ್ರಸಾರ ಖಾತೆಯ ಸಚಿವರಾದರು. ಸಿನಿಮಾ ಹಾಡು ಅಂದರೆ ಅವರಿಗೆ ಆಗದು. ಆಕಾಶವಾಣಿಯಲ್ಲಿ ಹಾಡು ಕಡಿಮೆಯಾಯಿತು, ಜನ ಮುಳ್ಳು ತಿರುಗಿಸಿದರು. ಅಮೀನ್ ಸಯಾನಿಯವರ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಅದೇ ವರ್ಷ ಸಿಲೋನ್‌ನಿಂದ ಶುರುವಾಯಿತು. ಕನ್ನಡ ಚಿತ್ರಗೀತೆಗಳೂ ಅಲ್ಲಿಂದ ಬರುತ್ತಿದ್ದವು. ಕೊನೆಗೆ ದೆಹಲಿ ಮೆತ್ತಗಾಗಿ 1957ರ ಅಕ್ಟೋಬರ್ 3ರಂದು ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ತಂದಿತು. ಕೇಳುಗರ ಕೈಯಲ್ಲಿ ಒಂದು ಗುಬುಟು ಇದ್ದರೆ ಎಷ್ಟು ಶಕ್ತಿ ನೋಡಿ.

ಹಳೆ ಸೆಟ್ಟಿನ ಡಯಲ್ ಮೇಲೆ 'ಮೀಟರ್' ಅಂತ ಯಾಕಿದೆ?

ಅದು ಅಲೆಯ ಉದ್ದ. 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಸಿಗುತ್ತದೆ. ಬೆಂಗಳೂರಿನ 612ಕ್ಕೆ ಸುಮಾರು 490 ಮೀಟರ್. 101.3 ಎಫ್‌ಎಂ ಅಲೆ ಮೂರು ಮೀಟರಿಗೂ ಒಂಚೂರು ಕಮ್ಮಿ. ಅದಕ್ಕೇ ಎಫ್‌ಎಂಗೆ ಮೊಳದುದ್ದದ ಕಡ್ಡಿ ಸಾಕು, ಮೀಡಿಯಂ ವೇವ್ ಸ್ಟೇಷನ್ನಿಗೆ ನೂರಾರು ಅಡಿಯ ಕಂಬವೇ ಬೇಕು.

ಟ್ರಾನ್ಸಿಸ್ಟರ್ ಬಂದ ಮೇಲೆ ಅಷ್ಟು ಬದಲಾಯಿತಾ?

ನನ್ನನ್ನು ಕೇಳಿದರೆ ರೇಡಿಯೋ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ವಾಲ್ವ್ ಸೆಟ್ಟಿನೊಳಗೆ ಬಲ್ಬಿನಂತೆ ಕಾಯುವ ತಂತಿ ಇರುತ್ತದೆ. ವಾಲ್ವ್ ಕೆಲಸ ಮಾಡಲು ನೂರು ಇನ್ನೂರು ವೋಲ್ಟ್ ಬೇಕು. ಕರೆಂಟೇ ಇಲ್ಲದ ಹಳ್ಳಿಯಲ್ಲಿ ಏನು ಮಾಡುವುದು? ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿ ಪೆಟ್ಟಿಗೆ ತರಬೇಕಿತ್ತು. ಸೆಟ್ಟು ಇದ್ದದ್ದು ಶ್ಯಾನುಭೋಗರ ಮನೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ. ಹಾಕುವವನು ಯಜಮಾನ. ಏನು ಕೇಳಬೇಕು ಅನ್ನುವುದೂ ಅವನದೇ ಇಷ್ಟ.

1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಜೇಬಿನ ರೇಡಿಯೋ ಪೇಟೆಗೆ ಬಂತು. ನಮ್ಮ ಹಳ್ಳಿಗಳಿಗೆ ಜೋರಾಗಿ ಬಂದದ್ದು 60, 70ರ ದಶಕದಲ್ಲಿ. ಎರಡು ಮೂರು ಸೆಲ್ಲು ಹಾಕಿದರೆ ವಾರಗಟ್ಟಲೆ ಹಾಡು. ರೇಡಿಯೋ ಹಜಾರದಿಂದ ಅಡುಗೆಮನೆಗೆ, ಗದ್ದೆಯ ಬದುವಿಗೆ, ದನ ಕಾಯುವ ಹುಡುಗನ ಹೆಗಲಿಗೆ ಹೋಯಿತು. ಒಳಗಿನ ಬಿಡಿಭಾಗದ ಹೆಸರು ಇಡೀ ಸೆಟ್ಟಿಗೇ ಬಂದುಬಿಟ್ಟಿತು. 'ಟ್ರಾನ್ಸಿಸ್ಟರ್ ಹಚ್ಚು' ಅಂದರೆ ಎಲ್ಲರಿಗೂ ಗೊತ್ತು. ಗೊಬ್ಬರ, ಹೊಸ ಭತ್ತದ ತಳಿ, ಕೀಟದ ಔಷಧಿಯ ಸುದ್ದಿ ರೈತರಿಗೆ ನೇರ ಮುಟ್ಟಿದ್ದು ಆಗ.

ಸೆಲ್ಲು ಇಳಿದರೆ ಬಿಸಿಲಿಗೆ ಒಣಗಿಸುತ್ತಿದ್ದೆವು, ನೆನಪಿದೆಯಾ? ಅದು ಬರೀ ನಂಬಿಕೆ ಅಲ್ಲ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಒಂದು ವಾರ್ತೆ, ಎರಡು ಹಾಡಿನಷ್ಟು ಜೀವ ಬರುತ್ತಿತ್ತು. ನಮ್ಮಮ್ಮ ಹಪ್ಪಳದ ಪಕ್ಕದಲ್ಲೇ ಸೆಲ್ಲು ಇಡುತ್ತಿದ್ದಳು.

ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತಂತೆ?

ಹೌದು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಬೇಕಿತ್ತು. 1980ರ ದಶಕದಲ್ಲಿ ತೆಗೆದುಹಾಕಿದರು.

ಖಾಸಗಿ ಎಫ್‌ಎಂ ಮೊದಲು ಬಂದದ್ದು ಬೆಂಗಳೂರಿಗೇನಾ?

ಹೌದು, 2001ರ ಜುಲೈ 3ರಂದು, ರೇಡಿಯೋ ಸಿಟಿ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಕ್ರಿಕೆಟ್ ಜಗಳ! ಪಂದ್ಯದ ಟಿವಿ ಪ್ರಸಾರ ಯಾರದು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ವ್ಯಾಜ್ಯ ನಡೆಯಿತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಲೆಗಳು ಸಾರ್ವಜನಿಕ ಆಸ್ತಿ, ಸರ್ಕಾರ ಒಂದರದೇ ಅಲ್ಲ ಎಂದಿತು. ಆಮೇಲೆ ಹರಾಜು, ಆಮೇಲೆ ಸ್ಟೇಷನ್. ಇಷ್ಟಾಗಿಯೂ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯದನ್ನೇ ಹಾಗೆಯೇ ಹಾಕಬೇಕು. ಟಿವಿಯಲ್ಲಿ ದಿನವಿಡೀ ಕಿರುಚಬಹುದು, ರೇಡಿಯೋದಲ್ಲಿ ಸುದ್ದಿ ಓದಬಾರದು. ಇದರ ತರ್ಕ ನನಗೆ ಈವರೆಗೂ ಅರ್ಥವಾಗಿಲ್ಲ.

ಸಮುದಾಯ ರೇಡಿಯೋ ಅಂದರೆ?

ಒಂದು ಊರಿನವರು ತಮ್ಮ ಊರಿಗೋಸ್ಕರ ನಡೆಸುವ ಚಿಕ್ಕ ಸ್ಟೇಷನ್. ಇದರ ಒಳ್ಳೆಯ ಕಥೆ ಕೋಲಾರ ಜಿಲ್ಲೆಯ ಬೂದಿಕೋಟೆಯದು. 2000ದ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ 'ನಮ್ಮ ಧ್ವನಿ' ಶುರುವಾಯಿತು. ಕಾರ್ಯಕ್ರಮ ಇತ್ತು, ಸ್ಟುಡಿಯೋ ಇತ್ತು, ಮಾತಾಡಲು ಹೆಂಗಸರು, ಹುಡುಗರು ಸಿದ್ಧ ಇದ್ದರು. ಆದರೆ ಗಾಳಿಗೆ ಬಿಡಲು ಕಾನೂನು ಒಪ್ಪುತ್ತಿರಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಊರಿನ ಟಿವಿ ಕೇಬಲ್ಲಿನಲ್ಲೇ ದನಿ ಹರಿಸಿದರು! ಕಾನೂನು ಅಲೆಗೆ ತಾನೆ, ತಂತಿಗಲ್ಲವಲ್ಲ.

2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ಸಿಕ್ಕಿತು. ಶಕ್ತಿ 100 ವಾಟ್, ಸುತ್ತ ಹತ್ತು ಹದಿನೈದು ಕಿಲೋಮೀಟರ್. ಮಂಗಳೂರಿನ ಸಾರಂಗ್, ಮಣಿಪಾಲದ ರೇಡಿಯೋ ಇಂಥವೇ. ಸುತ್ತಿ ಬಳಸಿ ಗೋಪಾಲಸ್ವಾಮಿಯವರ ಕಾಲದ ಅಳತೆಗೇ ಬಂದೆವು.

ಫೋನಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಸಿಕ್ಕಿಸಲೇಬೇಕಾ? ಆಪ್‌ನಲ್ಲಿ ಕೇಳುವುದೂ ರೇಡಿಯೋನೇ ಅಲ್ವಾ?

ಇಯರ್‌ಫೋನಿನ ತಂತಿಯೇ ಏರಿಯಲ್. ತಂತಿ ಸಿಕ್ಕಿಸುವ ತೂತನ್ನೇ ಕಂಪನಿಗಳು ತೆಗೆದುಹಾಕಿದ ಮೇಲೆ ಫೋನಿನ ಎಫ್‌ಎಂ ಕೂಡ ಸದ್ದಿಲ್ಲದೆ ಹೋಯಿತು.

ಆಪ್‌ನಲ್ಲಿ ಬರುವುದು ಇಂಟರ್‌ನೆಟ್ಟಿನ ದಾರಿಯಲ್ಲಿ. ದುಬೈನಲ್ಲಿ, ಅಮೆರಿಕದಲ್ಲಿ ಕೂತು ಧಾರವಾಡ ಕೇಳಬಹುದು, ಅದು ಸಣ್ಣ ಮಾತಲ್ಲ. ಆದರೆ ದನಿ ಕೆಲವು ಸೆಕೆಂಡು ತಡ. ವಾರ್ತೆಗೆ ಮುಂಚಿನ ಬೀಪ್ ನೋಡಿ ಗಡಿಯಾರ ಸರಿಮಾಡಿಕೊಳ್ಳಬೇಡಿ. ಇನ್ನೊಂದು ವಿಷಯ: ಇಂಟರ್‌ನೆಟ್ಟಿನಲ್ಲಿ ಕೇಳುಗರು ಜಾಸ್ತಿಯಾದಷ್ಟೂ ಸರ್ವರಿಗೆ ಭಾರ. ಗಾಳಿಯಲ್ಲಿ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಖರ್ಚು ಒಂದೇ. ಚಂಡಮಾರುತಕ್ಕೆ ಮೊಬೈಲ್ ಟವರು ಬಿದ್ದ ದಿನ ಗಾಳಿಯ ರೇಡಿಯೋದ ಬೆಲೆ ಗೊತ್ತಾಗುತ್ತದೆ.

ಡಿಜಿಟಲ್ ರೇಡಿಯೋ, ಡಿಆರ್‌ಎಂ ಅಂತ ಕೇಳಿದ್ದೇನೆ. ಏನಾಯಿತು ಅದು?

ಡಿಆರ್‌ಎಂ ಅಂದರೆ ದನಿಯನ್ನು ಅಂಕಿಗಳಾಗಿ ಮಾಡಿ ಅಲೆಯಲ್ಲಿ ಕಳಿಸುವ ಪದ್ಧತಿ. ಆಕಾಶವಾಣಿ ಮೂವತ್ತಕ್ಕೂ ಹೆಚ್ಚು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳಲ್ಲಿ ಅದನ್ನು ಅಳವಡಿಸಿತು. ದನಿ ಎಫ್‌ಎಂನಷ್ಟು ಸ್ವಚ್ಛ, ಎಫ್‌ಎಂ ಮುಟ್ಟದ ದೂರಕ್ಕೂ ಹೋಗುತ್ತದೆ. ಒಂದೇ ಅಲೆಯಲ್ಲಿ ಎರಡು ಮೂರು ಕಾರ್ಯಕ್ರಮ ಕಳಿಸಬಹುದು. ಎಲ್ಲ ಸರಿ, ಕೇಳಲು ಸೆಟ್ಟೆಲ್ಲಿ? ಕೆಲವು ಹೊಸ ಕಾರುಗಳಲ್ಲಿದೆ. ಅಂಗಡಿಗೆ ಹೋಗಿ ಕೇಳಿ ನೋಡಿ, ನಿಮ್ಮ ಮುಖ ನೋಡುತ್ತಾರೆ. 1927ರ ಬೊಂಬಾಯಿ ಕಂಪನಿಯ ಕಥೆಯೇ ಮತ್ತೆ. ನಾರ್ವೆಯವರು 2017ರಲ್ಲಿ ದೇಶದ ಮುಖ್ಯ ಎಫ್‌ಎಂ ಸ್ಟೇಷನ್‌ಗಳನ್ನೇ ನಿಲ್ಲಿಸಿ ಬೇರೊಂದು ಡಿಜಿಟಲ್ ಪದ್ಧತಿಗೆ ಹೋದರು. ಮೊದಲು ಜನರ ಮನೆಗೆ ಸೆಟ್ಟು ಮುಟ್ಟಿಸಿ ಆಮೇಲೆ ನಿಲ್ಲಿಸಿದರು.

ಈಗ ಮೀಡಿಯಂ ವೇವ್ ಹಾಕಿದರೆ ಬರೀ ಕರಕರ. ಸೆಟ್ಟು ಕೆಟ್ಟಿದೆಯಾ?

ಸೆಟ್ಟು ಸರಿಯಿರಬಹುದು, ಮನೆ ಕೆಟ್ಟಿದೆ. ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಇನ್ವರ್ಟರ್, ಎಲ್ಲವೂ ಆ ಅಲೆಗಳಲ್ಲೇ ಗಲಾಟೆ ಮಾಡುತ್ತವೆ. ಕರೆಂಟು ಹೋದಾಗ ಸೆಲ್ಲಿನ ಮೇಲೆ ಹಾಕಿ ನೋಡಿ. ಆಮೇಲೆ ಸೆಟ್ಟನ್ನು ನಿಧಾನ ತಿರುಗಿಸಿ. ಒಳಗೆ ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ ಇದೆ, ಅದರ ಅಡ್ಡಮೈ ಸ್ಟೇಷನ್ ಕಡೆ ತಿರುಗಿದಾಗ ದನಿ ಜೋರು. ಹಲವು ಊರುಗಳಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನೇ ನಿಲ್ಲಿಸಿದ್ದಾರೆ, ಅದನ್ನೂ ವಿಚಾರಿಸಿಕೊಳ್ಳಿ.

ಅಟ್ಟದ ಮೇಲೆ ತಾತನ ವಾಲ್ವ್ ರೇಡಿಯೋ ಸಿಕ್ಕಿದೆ. ಪ್ಲಗ್ ಹಾಕಲಾ?

ಬೇಡ, ಬೇಡ! ನಾನು ಒಮ್ಮೆ ಹಾಗೆ ಆಸೆಗೆ ಬಿದ್ದು ಹಾಕಿ, ಹೊಗೆ ಎಬ್ಬಿಸಿ, ಮನೆಯವರಿಂದ ಬೈಸಿಕೊಂಡಿದ್ದೇನೆ. ಒಳಗಿನ ಕಾಗದದ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು) ಇಷ್ಟು ವರ್ಷಕ್ಕೆ ಸತ್ತಿರುತ್ತವೆ. ಇಲಿ ವೈರು ಕಡಿದಿರಬಹುದು. ಕೆಲವು ಸೆಟ್ಟುಗಳಲ್ಲಿ ಒಳಗಿನ ಕಬ್ಬಿಣದ ತಟ್ಟೆಗೇ ಕರೆಂಟು ಬರುತ್ತದೆ, ಮುಟ್ಟಿದರೆ ಶಾಕ್. ಮೊದಲು ಧೂಳು ಒರೆಸಿ, ಹಿಂದಿನ ಹಲಗೆ ಬಿಚ್ಚಿ ನೋಡಿ. ವಾಲ್ವ್ ಕೆಲಸ ಗೊತ್ತಿರುವ ಹಳಬರೊಬ್ಬರನ್ನು ಹುಡುಕಿ. ಅವರು ಕೆಪಾಸಿಟರ್ ಬದಲಿಸಿ, ಕರೆಂಟಿನ ದಾರಿಯಲ್ಲಿ ಒಂದು ಬಲ್ಬು (ಸೀರೀಸ್ ಬಲ್ಬು) ಜೋಡಿಸಿ ಮೆಲ್ಲಗೆ ಕರೆಂಟು ಕೊಡುತ್ತಾರೆ. ಮಹಡಿಯ ಮೇಲೆ ಹತ್ತು ಹನ್ನೆರಡು ಅಡಿ ತಂತಿ ಎಳೆದು ಏರಿಯಲ್ ಮಾಡಿ. ಮಳೆಗಾಲದಲ್ಲಿ ಗುಡುಗು ಬಂದರೆ ತಂತಿ ಕಳಚಿಡಿ.

ಡಯಲ್ ದೀಪ ಹತ್ತಿದ ಮೇಲೂ ಅರ್ಧ ನಿಮಿಷ ಸದ್ದೇ ಇರುವುದಿಲ್ಲ. ಗಾಬರಿಯಾಗಿ ಗುಬುಟು ತಿರುಗಿಸಬೇಡಿ. ವಾಲ್ವ್ ಕಾಯಬೇಕು, ನೀವೂ ಕಾಯಬೇಕು.